ದುಃಖಕ್ಕೆ ದೇವರು ಹೊಣೆಯೇ, ನಾವೇ ಹೊಣೆಯೇ? – ಪದೇ ಪದೇ ಕೇಳುವ ಪ್ರಶ್ನೆಗಳು

ಲೋಕವನ್ನು ಮಾಡಿದವನು ಒಬ್ಬನಿದ್ದಾನೆ ಎಂದು ನಂಬುವವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಎದುರಾಗೇ ಆಗುತ್ತದೆ. ಅವನು ಒಳ್ಳೆಯವನಾದರೆ ಇಷ್ಟೊಂದು ಸಂಕಟ ಯಾಕೆ? ಎಲ್ಲ ಅವನ ಕೈಯಲ್ಲಿದ್ದರೆ ನಾನು ಮಾಡಿದ ತಪ್ಪಿಗೆ ನಾನ್ಯಾಕೆ ಹೊಣೆ? ಗೀತೆ ಓದುವ ಕೂಟಗಳಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಹದಿಹರೆಯದ ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ನಾನು ದೇವರನ್ನು ನಂಬುವವಳು. ಆದರೆ ನಂಬಿಕೆ ಉಳಿಸಿಕೊಳ್ಳಬೇಕು ಅಂತ ಪ್ರಶ್ನೆಯನ್ನು ಸಣ್ಣದು ಮಾಡಬಾರದು ಅನ್ನುವುದು ನನ್ನ ಪಟ್ಟು.

ಇಂಥ ಪ್ರಶ್ನೆ ಕೇಳುವುದೇ ನಾಸ್ತಿಕತನ ಅಲ್ವಾ?

ಹಾಗಂತ ಧರ್ಮರಾಯನೂ ಹೇಳಿದ್ದ. ಹೇಳಿದ್ದು ದ್ರೌಪದಿಗೆ.

ಮಹಾಭಾರತದ ವನಪರ್ವದಲ್ಲಿ ಈ ಮಾತುಕತೆ ಬರುತ್ತದೆ. ರಾಜ್ಯ ಹೋಗಿದೆ. ತುಂಬಿದ ಸಭೆಯಲ್ಲಿ ಅವಳ ಮಾನ ಕಳೆದಿದ್ದಾರೆ. ಕಾಡಿನಲ್ಲಿ ಒಂದು ಸಂಜೆ ಕೂತು ಮಾತಾಡುವಾಗ ಅವಳು ಗಂಡನನ್ನು ನೇರವಾಗಿ ಕೇಳುತ್ತಾಳೆ. ಧರ್ಮವನ್ನು ಕಾಪಾಡಿದವನನ್ನು ಧರ್ಮ ಕಾಪಾಡುತ್ತದೆ ಅಂತ ಹಿರಿಯರು ಹೇಳಿದ್ದನ್ನು ಕೇಳಿದ್ದೇನೆ, ನಿನ್ನನ್ನು ಮಾತ್ರ ಅದು ಕಾಪಾಡಿದ ಹಾಗೆ ಕಾಣುತ್ತಿಲ್ಲವಲ್ಲ?

ಅಲ್ಲಿಂದ ಅವಳ ಮಾತು ಸೃಷ್ಟಿಕರ್ತನ ಕಡೆಗೆ ತಿರುಗುತ್ತದೆ. ಜೀವಿಗಳು ದಾರಕ್ಕೆ ಪೋಣಿಸಿದ ಮಣಿಗಳು, ಮೂಗುದಾರ ಹಾಕಿದ ಎತ್ತುಗಳು ಎನ್ನುತ್ತಾಳೆ. ಸೃಷ್ಟಿಕರ್ತ ತಾಯಿ ತಂದೆಯ ಹಾಗೆ ನಡೆದುಕೊಳ್ಳುತ್ತಿಲ್ಲ, ಸಿಟ್ಟಿಗೆದ್ದ ಯಾವನೋ ಒಬ್ಬನ ಹಾಗೆ ನಡೆದುಕೊಳ್ಳುತ್ತಿದ್ದಾನೆ ಎನ್ನುತ್ತಾಳೆ. ಕೊನೆಗೆ ಅವಳು ಇಡುವ ವಾದಕ್ಕೆ ಎರಡೂ ಕಡೆ ಅಲಗು. ಮಾಡಿದ ಕರ್ಮ ಮಾಡಿದವನನ್ನೇ ಹಿಂಬಾಲಿಸುವುದು ನಿಜವಾದರೆ, ಎಲ್ಲವನ್ನೂ ಮಾಡಿಸುವ ಈಶ್ವರನಿಗೂ ಆ ಪಾಪ ಅಂಟಲೇಬೇಕು. ಅವನಿಗೆ ಅಂಟುವುದಿಲ್ಲ ಅನ್ನುವುದಾದರೆ ಇಲ್ಲಿ ನಡೆಯುವುದು ಬಲ ಒಂದೇ. ಹಾಗಿದ್ದರೆ ಬಲವಿಲ್ಲದ ಜನರನ್ನು ನೆನೆದು ನನಗೆ ದುಃಖವಾಗುತ್ತದೆ ಎನ್ನುತ್ತಾಳೆ.

ಧರ್ಮರಾಯ ಏನನ್ನುತ್ತಾನೆ? ಮಾತು ಸೊಗಸಾಗಿದೆ, ಆದರೆ ನೀನು ಆಡುತ್ತಿರುವುದು ನಾಸ್ತಿಕರ ಮಾತು ಎನ್ನುತ್ತಾನೆ. ತಾನು ಫಲಕ್ಕಾಗಿ ಧರ್ಮ ಮಾಡುವವನಲ್ಲ, ಧರ್ಮದಲ್ಲಿ ವ್ಯಾಪಾರ ನಡೆಸುವವನು ಕೀಳು ಎನ್ನುತ್ತಾನೆ. ಅವನ ನಡತೆಯ ಬಗ್ಗೆ ಅದು ದೊಡ್ಡ ಮಾತು. ಅವಳ ಪ್ರಶ್ನೆಗೆ ಅದು ಉತ್ತರವಲ್ಲ. ವ್ಯಾಸರು ಇಬ್ಬರ ಮಾತನ್ನೂ ಇಟ್ಟುಕೊಂಡರು, ಅವಳ ಬಾಯಿ ಮುಚ್ಚಿಸಲಿಲ್ಲ. ನಮಗೆ ಅಷ್ಟು ಅಪ್ಪಣೆ ಸಾಕು.

ಸಮಸ್ಯೆಯನ್ನು ನಾಲ್ಕು ಸಾಲಲ್ಲಿ ಹೇಳುತ್ತೀರಾ?

ದೇವರು ಏನು ಬೇಕಾದರೂ ಮಾಡಬಲ್ಲ. ದೇವರು ಒಳ್ಳೆಯವನು. ಲೋಕದಲ್ಲಿ ಸಂಕಟ ಇದೆ. ಈ ಮೂರನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಗ್ರೀಸಿನ ಎಪಿಕ್ಯುರಸನ ಹೆಸರಲ್ಲಿ ಈ ಇಕ್ಕಟ್ಟು ಶತಮಾನಗಳಿಂದ ಓಡಾಡುತ್ತಿದೆ. ಉತ್ತರ ಕೊಟ್ಟವರೆಲ್ಲ ಈ ಮೂರರಲ್ಲಿ ಒಂದನ್ನು ಸ್ವಲ್ಪ ಸಡಿಲಿಸಿಯೇ ಕೊಟ್ಟಿದ್ದಾರೆ. ಯಾರು ಯಾವುದನ್ನು ಸಡಿಲಿಸಿದರು ಅಂತ ಗಮನಿಸುತ್ತಾ ಓದಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ವೇದಾಂತದಲ್ಲಿ ಇದಕ್ಕೆ ಉತ್ತರ ಇದೆಯೇ?

ಇದೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಈ ಆರೋಪವನ್ನು ಸೂತ್ರಕಾರರೇ ಎತ್ತಿಕೊಳ್ಳುತ್ತಾರೆ. ಒಬ್ಬರಿಗೆ ಸುಖ, ಒಬ್ಬರಿಗೆ ಕಷ್ಟ ಕೊಡುವ ದೇವರು ಪಕ್ಷಪಾತಿ ಅಲ್ಲವೇ? ಕೊನೆಗೆ ಎಲ್ಲರನ್ನೂ ಸಾಯಿಸುವ ಅವನು ಕರುಣೆ ಇಲ್ಲದವನಲ್ಲವೇ? ಎರಡೂ ಅಲ್ಲ, ಅವನು ಜೀವಿಗಳ ಕರ್ಮ ನೋಡಿಕೊಂಡೇ ಕೊಡುತ್ತಾನೆ ಎಂಬುದು ಸೂತ್ರದ ಉತ್ತರ.

ಶಂಕರಾಚಾರ್ಯರು ಅಲ್ಲಿ ಮಳೆಯನ್ನು ತೋರಿಸುತ್ತಾರೆ. ಭತ್ತಕ್ಕೂ ಜವೆಗೋಧಿಗೂ ಬೀಳುವ ಮಳೆ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಬೀಜದಿಂದ. ಹಾಗೆ ಈಶ್ವರ ಎಲ್ಲರಿಗೂ ಸಮಾನ ಕಾರಣ, ವ್ಯತ್ಯಾಸ ಜೀವಿಗಳದು.

ಮುಂದಿನ ಸೂತ್ರ ಇನ್ನೂ ಮುಖ್ಯ. ಮೊಟ್ಟಮೊದಲ ಸೃಷ್ಟಿಯಲ್ಲಿ ಯಾರೂ ಇನ್ನೂ ಏನೂ ಮಾಡಿರಲಿಲ್ಲ, ಆಗ ಯಾವ ಕರ್ಮ ನೋಡಿ ಹಂಚಿದ ಎಂದು ಎದುರಾಳಿ ಕೇಳುತ್ತಾನೆ. ಸಂಸಾರಕ್ಕೆ ಮೊದಲು ಎಂಬುದೇ ಇಲ್ಲ, ಅದು ಅನಾದಿ ಎಂಬುದು ಉತ್ತರ.

ಈ ಉತ್ತರದ ಗಟ್ಟಿತನ ನನಗೆ ಇಷ್ಟ. ಏನೂ ಇಲ್ಲದ ಕಡೆಯಿಂದ ದೇವರು ನಮ್ಮನ್ನು ತಂದು ಕಷ್ಟಕ್ಕೆ ನೂಕಿದ ಎಂಬ ಆರೋಪ ಇಲ್ಲಿ ನಿಲ್ಲುವುದಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಕರ್ಮದ ನಿಯಮ ದೇವರಿಗೂ ಮೀರಲಾಗದ್ದು ಎಂದಾಯಿತು. ಮೀರಬಲ್ಲ, ಆದರೆ ಮೀರುವುದಿಲ್ಲ ಎಂದರೆ ದ್ರೌಪದಿಯ ಪ್ರಶ್ನೆ ಹಿಂದಿನ ಬಾಗಿಲಿಂದ ಮತ್ತೆ ಒಳಗೆ ಬರುತ್ತದೆ.

ಹಾಗಾದರೆ ಸೃಷ್ಟಿಕರ್ತ ಬೇಡವೇ ಬೇಡ ಅಂದವರು ನಮ್ಮಲ್ಲಿ ಯಾರೂ ಇಲ್ಲವೇ?

ಇಲ್ಲದೆ ಏನು! ನಮ್ಮ ನೆಲದಲ್ಲೇ ಇದ್ದರು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ಗುರುವೆಂದು ಗೌರವಿಸಿದ ಜೈನ ಮುನಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಪಂಪ ಮುಂದೆ 941ರಲ್ಲಿ ಕನ್ನಡದಲ್ಲಿ ಬರೆದ ಆದಿಪುರಾಣಕ್ಕೆ ಅದೇ ಆಧಾರ. ಜಿನಸೇನರ ಗ್ರಂಥದಲ್ಲಿ ಸೃಷ್ಟಿವಾದದ ಖಂಡನೆ ಬರುತ್ತದೆ. ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗುವ ಕ್ರಮ ಅವರದು.

ದೇವರು ಪೂರ್ಣನಾದರೆ ಸೃಷ್ಟಿಸುವ ಆಸೆ ಯಾಕೆ ಬಂತು? ಆಟಕ್ಕೆ ಅಂತ ಸೃಷ್ಟಿಸಿದ ಎಂದರೆ ಅದು ತಿಳಿಗೇಡಿ ಹುಡುಗನ ಆಟವಾಯಿತು. ಜೀವಿಗಳ ಕರ್ಮಕ್ಕೆ ತಕ್ಕಂತೆ ಸೃಷ್ಟಿಸಿದ ಎಂದರೆ ಅವನು ಸ್ವತಂತ್ರನಲ್ಲ, ಇನ್ನೊಂದಕ್ಕೆ ಅಧೀನ. ಕರುಣೆಯಿಂದ ಸೃಷ್ಟಿಸಿದ ಎಂದರೆ ಇಡೀ ಲೋಕವನ್ನು ಸುಖವಾಗಿಯೇ ಮಾಡಬಹುದಿತ್ತಲ್ಲ? ದುಷ್ಟರನ್ನು ಮಾತ್ರ ಕೊಲ್ಲುತ್ತಾನೆ ಎಂದರೆ ಆ ದುಷ್ಟರನ್ನು ಹುಟ್ಟಿಸಿದ್ದು ಯಾಕೆ?

ವೇದಾಂತಿಗಳು ಸೃಷ್ಟಿಯನ್ನು ಲೀಲೆ ಎಂದಾಗ ಹೇಳುತ್ತಿರುವುದು ಅವನಿಗೆ ಅದರಿಂದ ಏನೂ ಲಾಭ ಬೇಕಿಲ್ಲ ಅಂತ ಮಾತ್ರ. ಆ ಮಟ್ಟಿಗೆ ಆಟದ ಮಾತಿಗೆ ಸಮಾಧಾನ ಹೇಳಬಹುದು. ಕರುಣೆಯ ಬಗ್ಗೆ ಜಿನಸೇನರು ಕೇಳಿದ್ದಕ್ಕೆ ಅಷ್ಟು ಸುಲಭದ ಸಮಾಧಾನ ಇಲ್ಲ. ದೇವರನ್ನು ನಂಬುವವರು ಆ ಭಾಗವನ್ನು ಒಮ್ಮೆಯಾದರೂ ಓದಬೇಕು. ಶ್ರವಣಬೆಳಗೊಳಕ್ಕೆ ಹೋಗಿ ಬಂದಿರುತ್ತೇವೆ, ಆ ಮೂರ್ತಿಯ ಹಿಂದಿರುವ ಜನ ಸೃಷ್ಟಿಕರ್ತನಿಲ್ಲದೆ ಅಹಿಂಸೆಯ ಇಡೀ ಬದುಕನ್ನು ಕಟ್ಟಿಕೊಂಡರು ಅನ್ನುವುದನ್ನು ಯೋಚಿಸಿಯೇ ಇರುವುದಿಲ್ಲ.

ಎಲ್ಲ ಅವನ ಇಚ್ಛೆ ಅಂತಲೂ ಅನ್ನುತ್ತೇವೆ, ನಿನ್ನ ತಪ್ಪು ಅಂತಲೂ ಅನ್ನುತ್ತೇವೆ. ಎರಡೂ ಒಟ್ಟಿಗೆ ಹೇಗೆ?

ಗೀತೆಯಲ್ಲೇ ಎರಡೂ ಅಕ್ಕಪಕ್ಕ ಇವೆ. ಹದಿನೆಂಟನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಈಶ್ವರ ಎಲ್ಲರ ಹೃದಯದಲ್ಲಿದ್ದು, ಯಂತ್ರದ ಮೇಲೆ ಕೂರಿಸಿದವರಂತೆ ಎಲ್ಲರನ್ನೂ ತಿರುಗಿಸುತ್ತಾನೆ. ಎರಡೇ ಶ್ಲೋಕ ದಾಟಿದರೆ, ಇದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ಇಷ್ಟ ಬಂದ ಹಾಗೆ ಮಾಡು ಎಂದು ಅದೇ ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಯಂತ್ರದ ಬೊಂಬೆಗೆ ಯಾರೂ ಯೋಚಿಸಿ ನೋಡು ಅನ್ನುವುದಿಲ್ಲ.

ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜಾಚಾರ್ಯರು ಇದಕ್ಕೆ ಜಂಟಿ ಆಸ್ತಿಯ ಉದಾಹರಣೆ ಕೊಡುತ್ತಾರೆ. ಇಬ್ಬರಿಗೆ ಸೇರಿದ ಸೊತ್ತನ್ನು ಒಬ್ಬನು ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಆದರೂ ಕೊಟ್ಟವನು ಅವನೇ, ಫಲವೂ ಅವನದೇ. ಮೊದಲ ಪ್ರಯತ್ನ ಜೀವನದು, ದೇವರದು ಒಪ್ಪಿಗೆ.

ಉಡುಪಿಯ ಮಧ್ವಾಚಾರ್ಯರ ದಾರಿ ಬೇರೆ. ಸ್ವತಂತ್ರ ಅಂತ ಇರುವವನು ಹರಿ ಒಬ್ಬನೇ. ಜೀವ ಮಾಡುವುದು ನಿಜ, ಸುಳ್ಳಲ್ಲ, ಆದರೆ ಮಾಡುವ ಶಕ್ತಿ ಅವನ ಅಧೀನ. ಹಾಗಾದರೆ ಪಾಪದ ಹೊಣೆ ಹರಿಗೆ ಬರುವುದಿಲ್ಲವೇ? ಇಲ್ಲ, ಯಾಕೆಂದರೆ ಪ್ರತಿ ಜೀವಕ್ಕೂ ತನ್ನದೇ ಆದ ಅನಾದಿ ಸ್ವಭಾವ ಇದೆ, ಅದನ್ನು ದೇವರು ಹುಟ್ಟಿಸಿದ್ದಲ್ಲ. ಮೋಕ್ಷಕ್ಕೆ ಯೋಗ್ಯರು, ಸದಾ ಸಂಸಾರದಲ್ಲಿ ಸುತ್ತುವವರು, ಕತ್ತಲೆಗೇ ಸೇರುವವರು ಎಂಬ ಮೂರು ಬಗೆ ಬರುವುದು ಇಲ್ಲಿಂದ. ಇದು ಗಂಡೆದೆಯ ತರ್ಕ, ಎಲ್ಲೂ ಜಾರಿಕೊಳ್ಳುವುದಿಲ್ಲ. ಆದರೆ ಕೆಲವು ಜೀವಗಳಿಗೆ ಯಾವತ್ತೂ ಬೆಳಕಿಲ್ಲ ಎಂಬ ಕಡೆ ನನ್ನ ಮನಸ್ಸು ಒಪ್ಪುವುದಿಲ್ಲ. ತಾನು ಆರಿಸಿಕೊಳ್ಳದ ಸ್ವಭಾವಕ್ಕೆ ಕೊನೆಯಿಲ್ಲದ ಕತ್ತಲೆ ತೆರುವುದು ಯಾವ ನ್ಯಾಯ?

ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟದ್ದರಿಂದಲೇ ದುಃಖ ಬಂತು ಅಂದರೆ ಸಾಕಲ್ಲವೇ?

ಕ್ರೈಸ್ತ ಚಿಂತಕರಲ್ಲಿ ಈ ವಾದ ಬಹಳ ಹಳೆಯದು. ಅಮೆರಿಕದ ಆಲ್ವಿನ್ ಪ್ಲಾಂಟಿಂಗ 1970ರ ದಶಕದಲ್ಲಿ ಇದನ್ನು ಬಿಗಿಯಾಗಿ ಕಟ್ಟಿದರು. ನಿಜವಾದ ಆಯ್ಕೆ ಇರಬೇಕಾದರೆ ಕೆಟ್ಟದ್ದನ್ನು ಆರಿಸುವ ದಾರಿಯೂ ತೆರೆದಿರಬೇಕು, ಅದನ್ನು ಮುಚ್ಚಿ ಸ್ವಾತಂತ್ರ್ಯ ಕೊಡುವುದು ದೇವರಿಗೂ ಆಗದ ಕೆಲಸ ಎಂಬುದು ಅದರ ಸಾರ. ಇದಕ್ಕೆ ಮೊದಲೇ, 1955ರಲ್ಲಿ, ಜೆ. ಎಲ್. ಮ್ಯಾಕಿ ಎಂಬ ತತ್ವಶಾಸ್ತ್ರಜ್ಞರು ಕೇಳಿದ್ದರು: ಸ್ವತಂತ್ರವಾಗಿದ್ದುಕೊಂಡೇ ಪ್ರತಿ ಸಲ ಒಳ್ಳೆಯದನ್ನೇ ಆರಿಸುವ ಜನರನ್ನು ದೇವರು ಯಾಕೆ ಮಾಡಲಿಲ್ಲ?

ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ ಕೇಳಬಹುದು. ವೈಕುಂಠದಲ್ಲಿರುವ ಮುಕ್ತರು ತಪ್ಪು ಮಾಡುವುದಿಲ್ಲ, ದುಃಖಪಡುವುದಿಲ್ಲ. ಅವರಿಗೆ ಸ್ವಾತಂತ್ರ್ಯ ಇದೆಯೇ? ಇದೆ ಅನ್ನುವುದಾದರೆ ದುಃಖವಿಲ್ಲದೆಯೂ ಸ್ವಾತಂತ್ರ್ಯ ಸಾಧ್ಯ ಎಂದಾಯಿತು. ಇಲ್ಲ ಅನ್ನುವುದಾದರೆ ನಾವೆಲ್ಲ ಹಂಬಲಿಸುವ ಆ ಜಾಗದಲ್ಲಿ ಸ್ವಾತಂತ್ರ್ಯಕ್ಕೆ ಅಂಥ ಬೆಲೆಯೇನೂ ಇಲ್ಲ ಎಂದಾಯಿತು.

ನನಗೆ ಈ ವಾದದ ಅರ್ಧ ಒಪ್ಪಿಗೆ. ಕೊಲೆ, ಸುಲಿಗೆ, ಯುದ್ಧ, ವರದಕ್ಷಿಣೆಗೆ ಹೆಣ್ಣನ್ನು ಸುಡುವುದು, ಇವು ನಮ್ಮ ಕೈಯ ಕೆಲಸ. ದೇವರ ಹೆಸರು ಎತ್ತುವ ಮೊದಲು ಮಾಡಿದವರನ್ನು ಹಿಡಿಯಬೇಕು. ಆದರೆ ಒಬ್ಬನ ಸ್ವಾತಂತ್ರ್ಯಕ್ಕೆ ಇನ್ನೊಬ್ಬಳು ಬೆಂದುಹೋಗಬೇಕೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಏನೂ ಅರಿಯದ ಮಕ್ಕಳು ಸಾಯುತ್ತವಲ್ಲ, ಅದಕ್ಕೇನು?

ಇದಕ್ಕೆ ಇಸ್ಲಾಮಿನ ಚಿಂತನೆಯಲ್ಲಿ ಒಂದು ಪ್ರಸಿದ್ಧ ಕಥೆ ಇದೆ. ಇರಾಕಿನ ಬಸ್ರಾದಲ್ಲಿ ಅಲ್ ಅಶ್‌ಅರಿ ಎಂಬ ಶಿಷ್ಯ ತನ್ನ ಗುರು ಅಲ್ ಜುಬ್ಬಾಯಿಯನ್ನು ಕೇಳಿದ. ಗುರುಗಳು ಮುಅತಜಿಲ ಪಂಥದವರು. ದೇವರು ನ್ಯಾಯವಂತ, ಮನುಷ್ಯ ಸ್ವತಂತ್ರ ಎಂಬುದು ಅವರ ಗಟ್ಟಿ ನಿಲುವು.

ಮೂವರು ಅಣ್ಣತಮ್ಮಂದಿರು. ಒಬ್ಬ ಧರ್ಮವಂತನಾಗಿ ಸತ್ತ, ಒಬ್ಬ ದುಷ್ಟನಾಗಿ ಸತ್ತ, ಒಬ್ಬ ಮಗುವಾಗಿದ್ದಾಗಲೇ ಸತ್ತ. ಮೊದಲನೆಯವನಿಗೆ ಸ್ವರ್ಗದಲ್ಲಿ ಎತ್ತರದ ಸ್ಥಾನ ಸಿಕ್ಕಿತು. ನನ್ನನ್ನೂ ಬದುಕಲು ಬಿಟ್ಟಿದ್ದರೆ ನಾನೂ ಅಷ್ಟು ಪುಣ್ಯ ಮಾಡುತ್ತಿದ್ದೆನಲ್ಲ ಅಂತ ಮಗು ಕೇಳಿತು. ನೀನು ದೊಡ್ಡವನಾಗಿ ಪಾಪಿಯಾಗುತ್ತೀ ಅಂತ ನನಗೆ ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಬೇಗ ಕರೆಸಿಕೊಂಡೆ ಎಂದು ದೇವರು ಹೇಳಿದ. ಆಗ ನರಕದಿಂದ ಎರಡನೆಯವನು ಕೂಗಿದ: ನಾನೂ ಪಾಪಿಯಾಗುವುದು ನಿನಗೆ ಗೊತ್ತಿತ್ತಲ್ಲ, ನನ್ನನ್ನೇಕೆ ಮಗುವಾಗಿದ್ದಾಗಲೇ ಕರೆಸಿಕೊಳ್ಳಲಿಲ್ಲ?

ಗುರುವಿನ ಬಳಿ ಉತ್ತರ ಇರಲಿಲ್ಲ. ಶಿಷ್ಯ ಆ ಪಂಥ ಬಿಟ್ಟ. ಮುಂದೆ ಅವನು ಹಿಡಿದ ದಾರಿಯಲ್ಲಿ ದೇವರು ಮಾಡಿದ್ದೇ ನ್ಯಾಯ, ಮನುಷ್ಯರ ಅಳತೆಗೋಲು ಅವನಿಗೆ ತಾಗುವುದಿಲ್ಲ. ಆ ತೀರ್ಮಾನ ನನ್ನದಲ್ಲ. ನಮ್ಮ ಅಳತೆ ತಾಗದ ನ್ಯಾಯವನ್ನು ನ್ಯಾಯ ಅಂತ ಕರೆಯುವುದರಲ್ಲಿ ಅರ್ಥವಿಲ್ಲ. ಆದರೆ ಮಗು ಸತ್ತ ಮನೆಯಲ್ಲಿ ಕೂತು “ದೇವರು ಒಳ್ಳೆಯದಕ್ಕೇ ಕರೆಸಿಕೊಂಡ” ಅನ್ನುವವರು ಈ ಕಥೆಯ ಕೊನೆಯ ಪ್ರಶ್ನೆಯವರೆಗೂ ಹೋಗಿ ಬರಬೇಕು.

ಭೂಕಂಪ, ಸುನಾಮಿ ಇವೆಲ್ಲ ನಮ್ಮ ಪಾಪಕ್ಕೆ ಶಿಕ್ಷೆಯೇ?

ಅಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

1755ರ ನವೆಂಬರ್ 1ರಂದು ಭೂಕಂಪಕ್ಕೆ ಪೋರ್ಚುಗಲ್ಲಿನ ಲಿಸ್ಬನ್ ನಗರ ಕುಸಿದು ಬಿತ್ತು. ಅವತ್ತು ಸಕಲ ಸಂತರ ಹಬ್ಬ, ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದವು. ಪ್ರಾರ್ಥನೆಗೆ ಹೋದವರ ಮೇಲೇ ಛಾವಣಿ ಬಿತ್ತು. ಇರಬಹುದಾದ ಲೋಕಗಳಲ್ಲಿ ಇದೇ ಅತ್ಯುತ್ತಮ ಎಂದು 1710ರಲ್ಲಿ ಬರೆದಿದ್ದ ಜರ್ಮನಿಯ ತತ್ವಜ್ಞಾನಿ ಲೈಬ್ನಿಜನ ಮಾತು ಯುರೋಪಿನಲ್ಲಿ ಆಮೇಲೆ ಮೊದಲಿನಂತೆ ಕೇಳಿಸಲಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೂಮಿ ನಡುಗಿ ಹತ್ತು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಗಾಂಧೀಜಿಯನ್ನು ಅಷ್ಟು ಪ್ರೀತಿಸುತ್ತಿದ್ದ ರವೀಂದ್ರನಾಥ ಟ್ಯಾಗೋರರು ಸುಮ್ಮನಿರಲಿಲ್ಲ. ಭೌತಿಕ ಅನಾಹುತಕ್ಕೆ ಕಾರಣ ಭೌತಿಕ ಸಂಗತಿಗಳಲ್ಲೇ ಇರುತ್ತದೆ ಎಂದು ಬರೆದರು. ಪಾಠ ಕಲಿಸಲು ಹೀಗೆ ಸಿಕ್ಕಸಿಕ್ಕವರನ್ನು ಕೊಲ್ಲುವ ದೈವಕ್ಕಿಂತ ಮನುಷ್ಯನ ನೀತಿಯೇ ಮೇಲು ಎಂದಾಗುತ್ತದೆ ಎಂದರು. ಗಾಂಧೀಜಿಯ ಎದುರಾಳಿಗಳೂ ಇದೇ ತರ್ಕವನ್ನು ಅವರ ಮೇಲೆ ತಿರುಗಿಸಬಹುದು ಎಂಬುದನ್ನೂ ತೋರಿಸಿದರು. ಗಾಂಧೀಜಿ ಆ ಪತ್ರವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿ ಉತ್ತರ ಬರೆದರು, ನಂಬಿಕೆ ಬದಲಿಸಿಕೊಳ್ಳಲಿಲ್ಲ. ಅಸ್ಪೃಶ್ಯತೆ ಪಾಪ ಎಂಬ ಅವರ ಮಾತು ಪೂರ್ತಿ ಸರಿ. ಆದರೆ ಆ ದಿನ ಗೋಡೆಯಡಿ ಸಿಕ್ಕಿದವರಲ್ಲಿ ಆ ಪಾಪವನ್ನು ಅನುಭವಿಸಿದವರೂ ಇದ್ದರು. ಇಲ್ಲಿ ನಾನು ಟ್ಯಾಗೋರರ ಕಡೆ.

ಇನ್ನೂ ಹತ್ತಿರ ಬಂದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪ ಇದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ. ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ಸುಮಾರು ಹತ್ತು ಸಾವಿರ ಸಾವು. ಅಲ್ಲಿನ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು, ಮೇಲೆ ಭಾರದ ಮಣ್ಣಿನ ಮಾಳಿಗೆ. ನಡುಕ ಬಂದಾಗ ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದವರ ಮೇಲೆ ಬಿತ್ತು. ಗೋಡೆ ಹೇಗೆ ಕಟ್ಟಿದ್ದರು ಎಂಬ ಪ್ರಶ್ನೆಯಿಂದ ಮುಂದಿನ ಸಾವು ತಪ್ಪಿಸಬಹುದು. ಯಾರ ಪಾಪ ಎಂಬ ಪ್ರಶ್ನೆಯಿಂದ ಒಂದು ಜೀವವೂ ಉಳಿಯುವುದಿಲ್ಲ.

ಇಷ್ಟಾದ ಮೇಲೂ, ನಡುಗುವ ಭೂಮಿಯನ್ನೇ ಯಾಕೆ ಮಾಡಿದ ಎಂಬುದು ಸೃಷ್ಟಿಕರ್ತನ ಲೆಕ್ಕದಲ್ಲೇ ಉಳಿಯುತ್ತದೆ. ಅದನ್ನು ಮನುಷ್ಯನ ಸ್ವಾತಂತ್ರ್ಯದ ಖಾತೆಗೆ ಹಾಕಲು ಆಗುವುದಿಲ್ಲ.

ಅಂಗವಿಕಲರಾಗಿ ಹುಟ್ಟುವುದು, ಬಡವರಾಗಿ ಹುಟ್ಟುವುದು ಹಿಂದಿನ ಜನ್ಮದ ಕರ್ಮ ಅಲ್ಲವೇ?

ಈ ಪ್ರಶ್ನೆಯ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಿಂದ ಆಗಿರುವ ಗಾಯ ದೊಡ್ಡದು.

ಕರ್ಮದ ಮಾತಿಗೆ ಎರಡು ಮುಖ ಇದೆ. ನಾನು ಇವತ್ತು ಮಾಡುವುದು ನಾಳೆ ನನಗೇ ಬರುತ್ತದೆ, ಹುಷಾರಾಗಿ ನಡೆ ಎಂಬುದು ಒಂದು. ನಿನಗೆ ಈ ಕಷ್ಟ ಬಂದಿದೆಯಲ್ಲ, ನೀನೇ ಏನೋ ಮಾಡಿರಬೇಕು ಎಂಬುದು ಇನ್ನೊಂದು. ಮೊದಲನೆಯದು ನನ್ನ ಮೇಲೆ ನಾನು ಹೊರಿಸಿಕೊಳ್ಳುವ ಹೊಣೆ. ಎರಡನೆಯದು ಇನ್ನೊಬ್ಬರ ಮೇಲೆ ಕೊಡುವ ತೀರ್ಪು. ಕಣ್ಣಿಗೆ ಕಾಣದ ಅಪರಾಧ, ನೆನಪೇ ಇಲ್ಲದ ಆರೋಪಿ. ಯಾವ ಕೋರ್ಟೂ ಹಾಗೆ ತೀರ್ಪು ಕೊಡುವುದಿಲ್ಲ.

ಇದನ್ನು ಶಾಸ್ತ್ರದ ತಪ್ಪು ತಿಳಿವಳಿಕೆ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರ ಯೋನಿಯಲ್ಲಿ ಹುಟ್ಟುತ್ತಾರೆ ಎಂಬ ಮಾತು ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ. ಊರ ಹೊರಗೆ ಇಟ್ಟ ಜನರಿಗೆ ಶತಮಾನಗಳ ಕಾಲ ಕೊಟ್ಟ ಸಮಜಾಯಿಷಿ ಇದೇ. ಬಾವಿಯ ನೀರು ಮುಟ್ಟಬಾರದು ಎಂದು ತಡೆದವರು ಮನುಷ್ಯರು, ಹೊಣೆ ಹೊತ್ತದ್ದು ಮಾತ್ರ ಪೂರ್ವಜನ್ಮ. ಉಪನಿಷತ್ತಿನ ಮೇಲೆ ಎಷ್ಟೇ ಗೌರವ ಇದ್ದರೂ ಆ ಸಾಲನ್ನು ನಾನು ಒಪ್ಪುವುದಿಲ್ಲ.

ಕರ್ಮವನ್ನು ನಂಬಿದ ಬುದ್ಧನೇ ಈ ಎರಡನೇ ಮುಖವನ್ನು ತಡೆದಿದ್ದಾನೆ. ಮೋಲಿಯ ಸೀವಕ ಎಂಬ ಪರಿವ್ರಾಜಕ ಬಂದು ಕೇಳಿದ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರೆ, ನೀವೇನನ್ನುತ್ತೀರಿ? ಬುದ್ಧ ಪಟ್ಟಿ ಮಾಡಿ ಹೇಳಿದ. ಕೆಲವು ನೋವು ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಋತು ಬದಲಾಗುವುದರಿಂದ, ಕೆಲವು ಬೇರೆಯವರು ಹೊಡೆದದ್ದರಿಂದ ಬರುತ್ತವೆ. ಎಲ್ಲವೂ ಹಿಂದಿನ ಕರ್ಮ ಅನ್ನುವವರು ಲೋಕಕ್ಕೆ ಗೊತ್ತಿರುವುದನ್ನು ಮೀರಿ ಮಾತಾಡುತ್ತಾರೆ.

ಇನ್ನೊಂದು ಕಡೆ ಅವನ ಮಾತು ನಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಎಲ್ಲವೂ ಈಶ್ವರ ಮಾಡಿಸಿದ್ದು ಎಂದರೆ ಕೊಲೆಗಾರ ಕೊಲ್ಲುವುದೂ ಈಶ್ವರನಿಂದಲೇ ಆಯಿತು, ಇದು ಮಾಡಬೇಕು, ಇದು ಮಾಡಬಾರದು ಎಂಬ ಪ್ರಯತ್ನಕ್ಕೇ ಜಾಗ ಇಲ್ಲದಂತಾಯಿತು. ಎಲ್ಲವೂ ಪೂರ್ವಕರ್ಮ ಅನ್ನುವವರಿಗೂ ಅವನು ಇದೇ ಮಾತನ್ನು ಹೇಳುತ್ತಾನೆ.

ಅಂಗವೈಕಲ್ಯ ಇರುವ ಮಗುವಿನ ತಾಯಿಯ ಮುಂದೆ ಕರ್ಮದ ಮಾತು ಎತ್ತಬೇಡಿ. ಆ ಊರಿನ ಶಾಲೆಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯಾ ಅಂತ ವಿಚಾರಿಸಿ.

ಹಣೆಯಲ್ಲಿ ಬರೆದದ್ದು ತಪ್ಪುವುದಿಲ್ಲ ಅಂದ ಮೇಲೆ ಪ್ರಯತ್ನ ಯಾಕೆ?

ದ್ರೌಪದಿಯೇ ಇದಕ್ಕೆ ಉತ್ತರ ಕೊಟ್ಟಿದ್ದಾಳೆ. ಧರ್ಮರಾಯ ಗದರಿದ ಮೇಲೆ, ನಾನು ಧರ್ಮವನ್ನು ಹೀಗಳೆಯುತ್ತಿಲ್ಲ, ಸಂಕಟಕ್ಕೆ ಹೀಗೆ ಬಡಬಡಿಸುತ್ತಿದ್ದೇನೆ ಎನ್ನುತ್ತಾಳೆ. ಅಷ್ಟಕ್ಕೆ ನಿಲ್ಲುವುದಿಲ್ಲ, ಕೆಲಸದ ಬಗ್ಗೆ ಉದ್ದಕ್ಕೆ ಮಾತಾಡುತ್ತಾಳೆ. ರೈತ ನೇಗಿಲಿನಿಂದ ನೆಲ ಸೀಳಿ ಬೀಜ ಬಿತ್ತುತ್ತಾನೆ, ಆಮೇಲೆ ಸುಮ್ಮನೆ ಕೂರುತ್ತಾನೆ. ಅಲ್ಲಿಂದ ಮುಂದೆ ಮಳೆಯ ಕೆಲಸ. ಮಳೆ ಬಾರದಿದ್ದರೆ ಅದು ರೈತನ ತಪ್ಪಲ್ಲ. ಮಾಡಬೇಕಾದ್ದನ್ನು ಅವನು ಮಾಡಿದ್ದಾನೆ.

ಈ ವಿಚಾರ ತನಗೆ ಬಂದದ್ದು ಹೇಗೆ ಅಂತಲೂ ಹೇಳುತ್ತಾಳೆ. ತವರಿನಲ್ಲಿ ಒಬ್ಬ ಪಂಡಿತ ಬಂದು ತಂಗಿದ್ದನಂತೆ. ಅವನು ಅಣ್ಣತಮ್ಮಂದಿರಿಗೆ ಹೇಳಿಕೊಡುವಾಗ ಇವಳು ಅಪ್ಪನ ಬಳಿ ಕೂತು ಕೇಳಿಸಿಕೊಂಡಿದ್ದಳಂತೆ. ಸೃಷ್ಟಿಕರ್ತನನ್ನು ಅಷ್ಟು ಕಟುವಾಗಿ ಪ್ರಶ್ನಿಸಿದವಳೇ, ಎದ್ದು ಕೆಲಸ ಮಾಡು ಅಂತ ಹೇಳುವವಳು. ಎರಡಕ್ಕೂ ಜಗಳವಿಲ್ಲ.

ಆಯ್ಕೆಯ ಸ್ವಾತಂತ್ರ್ಯವೇ ಭ್ರಮೆ ಅಂತ ವಿಜ್ಞಾನ ಸಾಧಿಸಿದೆಯಂತೆ?

ಇಲ್ಲ. ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ಬೆರಳು ಆಡಿಸಬೇಕು ಅಂತ ಜನರಿಗೆ ಅನ್ನಿಸಿದ್ದು ಆಡಿಸುವ ಸುಮಾರು 0.2 ಸೆಕೆಂಡ್ ಮುಂಚೆ. ಮೆದುಳಿನ ತಯಾರಿ ಅದಕ್ಕೂ ಮೊದಲೇ, ಬೆರಳು ಆಡುವ ಅರ್ಧ ಸೆಕೆಂಡಿನಷ್ಟು ಮುಂಚೆ ಶುರುವಾಗಿತ್ತು. ಅದರ ಅರ್ಥ ಏನು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಜಗಳ ಇದೆ. ಸುಮ್ನೆ ಬೆರಳು ಆಡಿಸುವುದು ಒಂದು. ಮುದಿ ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಡಬೇಕೇ ಅಂತ ತಿಂಗಳುಗಟ್ಟಲೆ ಒದ್ದಾಡುವುದು ಇನ್ನೊಂದು.

ಕಷ್ಟ ಬಂದರೆ ಮನುಷ್ಯ ಗಟ್ಟಿಯಾಗುತ್ತಾನೆ, ಅದಕ್ಕೇ ದೇವರು ಕಷ್ಟ ಕೊಡುತ್ತಾನೆ ಅನ್ನುತ್ತಾರಲ್ಲ?

ಕೆಲವರು ಗಟ್ಟಿಯಾಗುತ್ತಾರೆ. ಹಲವರು ಮುರಿದುಹೋಗುತ್ತಾರೆ. ಮನುಷ್ಯರನ್ನು ಬಿಡಿ, ಕಾಡ್ಗಿಚ್ಚಿನಲ್ಲಿ ಸಿಕ್ಕಿ, ಯಾರ ಕಣ್ಣಿಗೂ ಬೀಳದೆ, ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಗೆ ಯಾವ ಪಾಠ? ವಿಲಿಯಂ ರೋ ಎಂಬ ಚಿಂತಕರು 1979ರಲ್ಲಿ ಇದನ್ನೇ ಕೇಳಿದರು. ತನ್ನ ಕಷ್ಟದಿಂದ ಕಲಿತೆ ಅಂತ ಅನುಭವಿಸಿದವರು ಹೇಳಿದರೆ ತಲೆಬಾಗಿ ಕೇಳೋಣ. ಹೊರಗಿನವರು ಹೇಳುವ ಮಾತಲ್ಲ ಅದು.

ಸರಿ, ನಿಮ್ಮ ಪ್ರಕಾರ ದೇವರು ಹೊಣೆಯೋ ಅಲ್ಲವೋ?

ಸರ್ವಶಕ್ತನಾದ ಸೃಷ್ಟಿಕರ್ತ ಇದ್ದರೆ, ಅವನಿಗೂ ಹೊಣೆ ಇದೆ. ಮನುಷ್ಯ ಮಾಡುವ ಕೇಡಿಗೆ ಮೊದಲ ಹೊಣೆ ಮನುಷ್ಯನದು. ಆದರೆ ಇಂಥ ಮನುಷ್ಯರನ್ನು, ಇಂಥ ಭೂಮಿಯನ್ನು, ಇಂಥ ಮೈಯನ್ನು ತಿಳಿದೂ ತಿಳಿದೂ ಮಾಡಿದವನು ತನಗೇನೂ ಸಂಬಂಧವಿಲ್ಲ ಅನ್ನುವಂತಿಲ್ಲ. ಕರ್ಮ, ಸ್ವಾತಂತ್ರ್ಯ, ಲೀಲೆ, ಇವು ಅವನ ಹೊಣೆಯನ್ನು ಕಡಿಮೆ ಮಾಡುತ್ತವೆ, ಪೂರ್ತಿ ತೊಳೆಯುವುದಿಲ್ಲ. ಮೂರರಲ್ಲಿ ಒಂದನ್ನು ಸಡಿಲಿಸಲೇಬೇಕಾದರೆ ನಾನು ಅವನ ಶಕ್ತಿಯನ್ನು ಸಡಿಲಿಸುತ್ತೇನೆ. ಅನಾದಿಯಾದ ಕರ್ಮದ ಜೊತೆ ಒದ್ದಾಡುತ್ತಿರುವ ದೇವರನ್ನು ನಾನು ಪ್ರೀತಿಸಬಲ್ಲೆ. ಬೇಡವಾದದ್ದನ್ನು ಕ್ಷಣದಲ್ಲಿ ನಿಲ್ಲಿಸಬಹುದಾಗಿದ್ದೂ ಸುಮ್ಮನೆ ನೋಡುವ ದೇವರನ್ನು ಪ್ರೀತಿಸಲಾರೆ.

ದೇವರಿಲ್ಲ ಅನ್ನುವವರಿಗೆ ಈ ಇಕ್ಕಟ್ಟು ಇಲ್ಲ, ನಿಜ. ದುಃಖ ಮಾತ್ರ ಅವರ ಮನೆಯಲ್ಲೂ ಅಷ್ಟೇ ಇದೆ, ಮಾಡಬೇಕಾದ ಕೆಲಸವೂ ಅಷ್ಟೇ.

ದುಃಖದಲ್ಲಿರುವವರು “ದೇವರು ನನಗೇ ಯಾಕೆ ಹೀಗೆ ಮಾಡಿದ” ಅಂತ ಅತ್ತರೆ ಏನು ಹೇಳಲಿ?

ಮೇಲೆ ಬರೆದ ಯಾವುದನ್ನೂ ಹೇಳಬೇಡಿ. ಅವರು ಉತ್ತರ ಕೇಳುತ್ತಿಲ್ಲ.

ಬೈಬಲ್ಲಿನ ಯೋಬನ ಕಥೆಯಲ್ಲಿ ಅವನ ಹತ್ತು ಮಕ್ಕಳೂ ಒಂದೇ ದಿನ ಸಾಯುತ್ತಾರೆ, ದನಕರು ಹೋಗುತ್ತವೆ, ಮೈಯೆಲ್ಲ ಹುಣ್ಣಾಗುತ್ತದೆ. ಮೂವರು ಗೆಳೆಯರು ನೋಡಲು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನು ಏನೋ ಪಾಪ ಮಾಡಿರಬೇಕು ಅಂತ ಶುರು ಮಾಡಿದರು.

ಹೋಗಿ ಕೂತುಕೊಳ್ಳಿ. ಊಟಕ್ಕೆ ವ್ಯವಸ್ಥೆ ಆಗಿದೆಯಾ ನೋಡಿ. ಮನೆಯ ಮಕ್ಕಳು ಶಾಲೆಗೆ ಹೋಗುವುದು ಹೇಗೆ, ಬ್ಯಾಂಕಿನ ಕಾಗದಕ್ಕೆ ಯಾರು ಓಡಾಡುತ್ತಾರೆ ಕೇಳಿ. ತಿಂಗಳು ಕಳೆದ ಮೇಲೆ, ಬಂದವರೆಲ್ಲ ಹೋದ ಮೇಲೆ, ಇನ್ನೊಂದು ಸಲ ಹೋಗಿ.

ದೇವರನ್ನು ಬೈದರೆ ಪಾಪ ಬರುತ್ತದೆಯೇ?

ನಮ್ಮ ದಾಸರು ವಿಠಲನನ್ನು ಬೈದು ಹಾಡಿದ ನಿಂದಾಸ್ತುತಿಗಳನ್ನು ಇವತ್ತಿಗೂ ಭಜನೆಯಲ್ಲಿ ಹಾಡುತ್ತೇವೆ. ಅದು ಸಲಿಗೆಯ ಬೈಗುಳ. ನಿಜವಾದ ಸಿಟ್ಟಿನ ಮಾತಿಗೂ ಉದಾಹರಣೆ ಇದೆ. ಯುದ್ಧ ಮುಗಿದ ಮೇಲೆ ಗಾಂಧಾರಿ ರಣರಂಗದಲ್ಲಿ ನಿಂತು, ಬಿದ್ದ ಒಬ್ಬೊಬ್ಬರನ್ನೂ ಕೃಷ್ಣನಿಗೆ ತೋರಿಸುತ್ತಾ ಹೋಗುತ್ತಾಳೆ. ಕೊನೆಗೆ, ನಿನಗೆ ಶಕ್ತಿ ಇತ್ತು, ಎರಡೂ ಕಡೆಯವರು ನಿನ್ನ ಮಾತು ಕೇಳುತ್ತಿದ್ದರು, ಬೇಕೆಂದೇ ಸುಮ್ಮನಿದ್ದೆ ಎಂದು ಶಾಪ ಹಾಕುತ್ತಾಳೆ. ಮೂವತ್ತಾರನೇ ವರ್ಷದಲ್ಲಿ ನಿನ್ನ ಕುಲವೂ ಹೀಗೇ ಹೊಡೆದಾಡಿಕೊಂಡು ನಾಶವಾಗಲಿ. ಕೃಷ್ಣ ನಸುನಕ್ಕು ಅದು ಹಾಗೇ ಆಗಬೇಕಾದದ್ದು ಎಂದ. ಕೌರವರು ಸತ್ತದ್ದರಲ್ಲಿ ನಿನ್ನ ತಪ್ಪೂ ಇದೆ ಅಂತ ಗಾಂಧಾರಿಗೆ ಹೇಳದೆಯೂ ಬಿಡಲಿಲ್ಲ. ಆದರೆ ಶಾಪವನ್ನು ತಳ್ಳಿಹಾಕಲಿಲ್ಲ, ಅವಳಿಗೆ ತಿರುಗಿ ಶಾಪ ಕೊಡಲಿಲ್ಲ.

ಯೋಬನೂ ಹಾಗೇ. ತಾನು ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನೇ ವ್ಯಾಜ್ಯಕ್ಕೆ ಕರೆದ. ಗೆಳೆಯರು ಮಾತ್ರ ಕೊನೆಯವರೆಗೂ ದೇವರ ಪರವಾಗಿಯೇ ವಾದಿಸಿದರು. ಕಥೆಯ ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ಅವರಿಗೆ ಕ್ಷಮೆ ಸಿಗಬೇಕಾದರೆ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು.